ಐಕಾನುಗಳಿಲ್ಲದ ಪರದೆ

"ಅತ್ತಿಗೆ, ಮೌಸ್ ಹಿಡಿಯಕ್ಕಾಗುತ್ತಾ?" ಎಂದು ಮೈದುನ ಕೇಳಿದಾಗ ಅವಳು ಪ್ಲಾಸ್ಟರ್ ಹಾಕಿದ ಬಲಗೈಯನ್ನು ಎತ್ತಿ ಮೇಜಿನ ಮೇಲಿಟ್ಟಳು. ಹೊರಗೆ ಉಳಿದ ಬೆರಳುಗಳು ಬಾತುಕೊಂಡಿದ್ದವು. ಸ್ವಲ್ಪ ಆಡಿಸಿದರೂ ಜೀವ ಹೋದಂತಾಗುತ್ತಿತ್ತು.

"ಬಚ್ಚಲಲ್ಲಿ ಜಾರಿಬಿದ್ದೆ," ಎಂದಳು, ಅವನು ಕೇಳದಿದ್ದರೂ.

"ಹೂಂ," ಎಂದು ಅವನು ಪರದೆಯ ಕಡೆ ತಿರುಗಿದ.

ಮನೆಯಲ್ಲೇ ಕೂತು ಪಠ್ಯಪುಸ್ತಕಗಳ ಪುಟಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವುದು ಅವಳ ಕೆಲಸ. ವಿಜ್ಞಾನದ ಪುಸ್ತಕ ಸೋಮವಾರ ಮುದ್ರಣಕ್ಕೆ ಹೋಗಬೇಕಿತ್ತು. ಆ ಹಳೆಯ ಕಂಪ್ಯೂಟರನ್ನು ಮೈದುನನೇ ತನ್ನ ರಿಪೇರಿ ಅಂಗಡಿಯಿಂದ ತಂದು ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಟ್ಟಿದ್ದ.

"ಇದರಲ್ಲಿ ಒಂದು ಅನುಕೂಲ ಇದೆ. ಒಳಗಿಂದು ಒಳಗೇ ಇರುತ್ತೆ, ಮುಖ ಮಾತ್ರ ಬದಲಾಯಿಸ್ಬಹುದು. ನಿಮ್ಮ ಕೈಗೆ ಯಾವುದು ಒಗ್ಗುತ್ತೋ ಅದನ್ನ ಇಟ್ಕೊಳ್ಳಿ."

ಅವನು ಒಂದೊಂದಾಗಿ ಮೂರು ಮುಖ ತೋರಿಸಿದ. ಮೊದಲನೆಯ ಡೆಸ್ಕ್‌ಟಾಪ್ ನೋಡಲು ಚೆಂದವಿತ್ತು. ಆದರೆ ಒಂದೊಂದು ಕಿಟಕಿ ತೇಲಿಬಂದು ತೆರೆದುಕೊಳ್ಳುವಷ್ಟರಲ್ಲಿ ಯಂತ್ರ ಏದುಸಿರು ಬಿಡುತ್ತಿತ್ತು. "ಇದರ ಸಿಂಗಾರ ಮುಗಿಯೋ ಹೊತ್ತಿಗೆ ಮದುವೇನೇ ಮುಗಿದಿರುತ್ತೆ," ಎಂದಳು. ಎರಡನೆಯದು ಅವಳು ಇದುವರೆಗೆ ಬಳಸುತ್ತಿದ್ದುದರ ತಮ್ಮನಂತಿತ್ತು: ಪರದೆ ತುಂಬ ಐಕಾನು, ಕೆಳಗೊಂದು ಪಟ್ಟಿ, ಮೂಲೆಯಲ್ಲಿ ಮೆನು, ಪ್ರತಿಯೊಂದಕ್ಕೂ ಮೌಸ್. ಮೂರನೆಯದರಲ್ಲಿ ಏನೂ ಇರಲಿಲ್ಲ, ಬರೀ ಬೂದು ಬಣ್ಣದ ಪರದೆ. ಅವನು ಎರಡು ಕೀಲಿ ಒಟ್ಟಿಗೆ ಒತ್ತಿ ತೋರಿಸಿದ. ಒಂದು ಕಡತ ಪರದೆಯ ತುಂಬ ತೆರೆಯಿತು. ಇನ್ನೊಂದನ್ನು ತೆರೆದೊಡನೆ ಮೊದಲನೆಯದು ತಾನಾಗಿ ಅರ್ಧಕ್ಕೆ ಸರಿದು ಜಾಗ ಬಿಟ್ಟಿತು. ಎಡಕ್ಕೆ ಲೇಖಕರ ಬರಹ, ಬಲಕ್ಕೆ ಅವಳ ಪುಟ. ಎಲ್ಲಕ್ಕೂ ಎಡಗೈಯೇ ಸಾಕಾಗುತ್ತಿತ್ತು.

"ಮೊದಮೊದಲು ತಲೆ ಕೆಡುತ್ತೆ ಅತ್ತಿಗೆ."

ತಲೆ ಕೆಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಒಂದು ಅಧ್ಯಾಯ ಮುಗಿಸಿ, ತನ್ನಷ್ಟಕ್ಕೆ ತಾನೇ ನಕ್ಕಳು.

ಗಂಡನಿಗೆ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆಯ ಕೆಲಸ. ಮನೆಗೆ ಬಂದ ಮೇಲೂ ಆ ಕೆಲಸ ನಿಲ್ಲುತ್ತಿರಲಿಲ್ಲ. ಕರಿ ಬೂಟು ಬಿಚ್ಚಿ ಕಂಪ್ಯೂಟರಿನ ಮುಂದೆ ಕೂತನೆಂದರೆ ಒಂದೊಂದೇ ಐಕಾನು ಒತ್ತಿ, ಬಂದ ಮೇಲ್, ಹೋದ ಮೇಲ್, ಫೋಟೋ ಎಲ್ಲ ನೋಡಿಯೇ ಕಾಫಿ ಕುಡಿಯುತ್ತಿದ್ದ. ಅಂದೂ ಕೂತ. ಮೌಸನ್ನು ಆಚೀಚೆ ಓಡಿಸಿದ. ಬಾಣದ ಗುರುತೊಂದು ಬೂದು ಬಯಲಲ್ಲಿ ಸುಮ್ಮನೆ ಅಲೆಯಿತು.

"ಎಲ್ಲಿ ಬಚ್ಚಿಟ್ಟಿದೀಯ?"

"ಬಚ್ಚಿಟ್ಟಿಲ್ಲ ರೀ. ಕೈಗೆ ಸುಲಭ ಆಗ್ಲಿ ಅಂತ..."

ಮಾತು ಮುಗಿಯುವ ಮೊದಲೇ ಅವನು ಅವಳ ಜಡೆ ಹಿಡಿದು ಹಣೆಯನ್ನು ಮೇಜಿನ ಅಂಚಿಗೆ ಅಪ್ಪಳಿಸಿದ. ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು. ಅಡುಗೆಮನೆಯಲ್ಲಿ ಅತ್ತೆ ನಲ್ಲಿಯನ್ನು ಪೂರ್ತಿ ತಿರುಗಿಸಿದರು. ಇಂಥ ಹೊತ್ತಿನಲ್ಲಿ ಅವರಿಗೆ ತೊಳೆಯಲು ಯಾವಾಗಲೂ ಪಾತ್ರೆಗಳಿರುತ್ತಿದ್ದವು.

"ಈ ಕೈ ಒಂದು ಉಳ್ಕೊಂಡಿದೆ ಅಂತ ತಾನೆ ಇಷ್ಟೆಲ್ಲ?" ಅವನು ಅವಳ ಎಡಗೈಯನ್ನು ಮೇಜಿಗೊತ್ತಿ ತೋರುಬೆರಳನ್ನು ಹಿಂದಕ್ಕೆ ಬಗ್ಗಿಸತೊಡಗಿದ. ಗಡಿಬಿಡಿಯೇನೂ ಇರಲಿಲ್ಲ ಅವನಿಗೆ.

ಅವಳು ಪ್ಲಾಸ್ಟರಿನ ಕೈ ಬೀಸಿದಳು. ಏಟು ಕೆನ್ನೆಯ ಮೂಳೆಗೆ ಬಿತ್ತು. ಅವನು ಬೆರಳು ಬಿಟ್ಟ. ಇನ್ನೊಂದು ಮೂಗಿಗೆ ಬಿದ್ದಾಗ ಲಟಕ್ಕೆಂದದ್ದು ಅವಳ ಭುಜದವರೆಗೂ ಕೇಳಿಸಿತು. ಅವನು ಗೋಡೆಗೊರಗಿ ಕುಸಿದ. ಮತ್ತೊಂದು ಏಟು ಬೇಕಿರಲಿಲ್ಲ. ಆದರೂ ಹೊಡೆದಳು. ಮುರಿದ ಮಣಿಕಟ್ಟಿನ ನೋವಿಗೆ ಅವಳೇ ಕಿರುಚಿದಳು.

ನಲ್ಲಿ ನಿಂತಿತು. ಅತ್ತೆ ಬಾಗಿಲಿಗೆ ಬಂದು ಮಗನ ಮೂಗಿಂದ ಅಂಗಿಗಿಳಿಯುತ್ತಿದ್ದ ರಕ್ತ ನೋಡಿದರು.

"ಕಟ್ಕೊಂಡ ಗಂಡನಿಗೆ ಹೊಡೆದ್ಯಲ್ಲೇ."

"ಈಗ ಕೇಳಿಸ್ತಾ ಅತ್ತೆ?" ಎಂದಳು.

ವೈರುಗಳನ್ನು ಕಿತ್ತು, ಕಂಪ್ಯೂಟರಿನ ಡಬ್ಬವನ್ನು ಎಡಗೈಯಲ್ಲಿ ಅವುಚಿಕೊಂಡು ಹೊರಬಿದ್ದಳು. ಯಾರೂ ತಡೆಯಲಿಲ್ಲ. ಬೀದಿಯಲ್ಲಿ ಇನ್ನೂ ಬಿಸಿಲಿತ್ತು. ಎದುರು ಬಂದವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಮೈದುನ ಅಂಗಡಿಯಲ್ಲಿದ್ದ. ಅವಳ ಮುಖ ಕಂಡದ್ದೇ ಡಬ್ಬ ಇಸಕೊಂಡು, ಕುರ್ಚಿ ಎಳೆದು, ಹಣೆಗೆ ಬಟ್ಟೆ ಕೊಟ್ಟ.

"ನಾನು ಬಚ್ಚಲಲ್ಲಿ ಬಿದ್ದಿರ್ಲಿಲ್ಲ."

"ಗೊತ್ತು ಅತ್ತಿಗೆ."

ಅವನು ತಲೆ ತಗ್ಗಿಸಿ ಡಬ್ಬದ ವೈರುಗಳನ್ನು ಅಂಗಡಿಯ ಮಾನಿಟರಿಗೆ ಜೋಡಿಸಿದ. ಪರದೆ ಬೂದಾಗಿ ಹೊತ್ತಿಕೊಂಡಿತು. ಮೆಲ್ಲಗೆ, "ಆ ಎರಡನೇದನ್ನ ಹಾಕ್ಬಿಡ್ಲಾ? ಐಕಾನೆಲ್ಲ ಕಣ್ಣಿಗೆ ಬಿದ್ರೆ ಅಣ್ಣ ಸುಮ್ಮನಾಗ್ತಾನೆ," ಎಂದ.

ಅವಳು ಅವನನ್ನೇ ನೋಡಿದಳು. "ಸಣ್ಣವನಿದ್ದಾಗ ನಿಂಗೂ ಹೊಡೀತಿದ್ನಾ?"

ಅವನು ಸ್ಕ್ರೂಗಳನ್ನು ಡಬ್ಬಿಗೆ ತುಂಬಿ ಅದರ ಮುಚ್ಚಳ ಹುಡುಕತೊಡಗಿದ. ಮುಚ್ಚಳ ಅವನ ಕೈಯಲ್ಲೇ ಇತ್ತು.

"ಇದೇ ಇರ್ಲಿ," ಎಂದಳು. ಊದಿಕೊಳ್ಳುತ್ತಿದ್ದ ತೋರುಬೆರಳನ್ನು ಬಿಟ್ಟು ಉಳಿದ ಬೆರಳುಗಳಿಂದ ಕೀಲಿ ಒತ್ತಿದಳು. ಪುಟ ತೆರೆಯಿತು.

ಮೇಜಿನ ಮೇಲಿದ್ದ ಅವನ ಫೋನ್ ನಡುಗುತ್ತ ಹೊಡೆದುಕೊಂಡಿತು. "ಅಣ್ಣ" ಎಂದು ಕಾಣುತ್ತಿತ್ತು. ಅವನು ಅದನ್ನು ಬೋರಲು ಹಾಕಿದ. ಆಮೇಲೆ ಎದ್ದು ಹೋಗಿ ಶಟರನ್ನು ಮೊಣಕಾಲಿನ ಮಟ್ಟಕ್ಕೆ ಇಳಿಸಿ, ಅದರ ಪಕ್ಕದಲ್ಲೇ ನಿಂತ.

ಕೆಳಗೆ ಉಳಿದ ಬೆಳಕಿನ ಪಟ್ಟಿಯಲ್ಲಿ ಬೀದಿಯ ಕಾಲುಗಳು ಹಾದುಹೋಗುತ್ತಿದ್ದವು: ಚಪ್ಪಲಿ, ಬರಿಗಾಲು, ಒಂದು ಸೈಕಲ್ಲಿನ ಚಕ್ರ. ಕರಿ ಬೂಟಿನ ಜೋಡಿಯೊಂದು ಶಟರಿನೆದುರು ನಿಂತಿತು, ತಿರುಗಿತು, ಬೀದಿಯಲ್ಲಿ ಮುಂದಕ್ಕೆ ಹೋಯಿತು.