ದರ್ಜಿಯ ಸ್ಕೋಪು

ಬಲ ಹೆಗಲ ಮೇಲೆ ಎರಡು, ಎಡ ಹೆಗಲ ಮೇಲೆ ಎರಡು, ನೆತ್ತಿಯ ಮೇಲೆ ಒಂದು. ಹೀಗೆ ಮುಳ್ಳಣ್ಣನ ಮನೆಯ ಯಂತ್ರಗಳನ್ನೆಲ್ಲ ನಾನೊಬ್ಬನೇ ಬೀದಿಗೆ ಹೊತ್ತು ಹಾಕುತ್ತಿದ್ದೆ. ಒಂದೊಂದೂ ಮರಿಯಾನೆಯ ತೂಕ. ಬಾಯಲ್ಲಿ ಸೂಜಿ ಕಚ್ಚಿಕೊಂಡಿದ್ದೆ, ಅಳತೆಯ ಟೇಪು ಕತ್ತಿನಲ್ಲೇ ನೇತಾಡುತ್ತಿತ್ತು, ಉಸಿರು ಮಾತ್ರ ಒಂದಿಷ್ಟೂ ಏರಲಿಲ್ಲ. ಬೀದಿಯಲ್ಲಿ ಕಾಯುತ್ತಿದ್ದ ಶವದ ವ್ಯಾನಿನ ಚಾಲಕ ನನ್ನನ್ನು ನೋಡುತ್ತ ಸಿಗರೇಟನ್ನು ತಿರುಗುಮುರುಗು ಬಾಯಿಗಿಟ್ಟುಕೊಂಡ.

ಹೊರದೆ ಬೇರೆ ದಾರಿ ಇರಲಿಲ್ಲ. ಮುಳ್ಳಣ್ಣ ಹಿಂದಿನ ಕೋಣೆಯಲ್ಲಿ ಮಲಗಿದ್ದ. ಹಿಂದಿನ ದಿನ ಮಧ್ಯಾಹ್ನ ಕೆಲಸದ ಕುರ್ಚಿಯಲ್ಲಿ ಕೂತವನು ಕೂತಂತೆಯೇ ಹೋಗಿಬಿಟ್ಟಿದ್ದ. ಆ ಕೋಣೆಯಿಂದ ಬೀದಿಬಾಗಿಲಿಗೆ ಇದ್ದದ್ದು ಒಂದೇ ಒಂದು ಪ್ಯಾಸೇಜು. ಅದರ ಎರಡೂ ಬದಿಗೆ ಹಳೇ ಕಾಲದ ವೋಲ್ಟ್‌ಮೀಟರುಗಳು, ಸಿಗ್ನಲ್ ಜನರೇಟರುಗಳು, ಹೆಸರೇ ತಿಳಿಯದ ಕಬ್ಬಿಣದ ಡಬ್ಬಗಳು ಸೂರು ಮುಟ್ಟುವಂತೆ ಪೇರಿಕೊಂಡಿದ್ದವು. ಬದುಕಿದ್ದಾಗ ಮುಳ್ಳಣ್ಣ ಅದರೊಳಗೆ ಅಡ್ಡಡ್ಡ ನಡೆಯುತ್ತಿದ್ದ. ಈಗ ಅಡ್ಡ ನಡೆಯುವ ಹಾಗಿರಲಿಲ್ಲ. ಸ್ಟ್ರೆಚರಿನ ಮೇಲೆ ನೇರವಾಗಿ ಬರಬೇಕಿತ್ತು.

ಅವನ ತಮ್ಮ ಬಸ್ಸಿನ ಡ್ರೈವರು. ಪ್ಯಾಸೇಜಿನ ತಿರುವಿನಲ್ಲಿ ನಿಂತು, ಒಂದು ಕಣ್ಣು ಮುಚ್ಚಿ ಲೆಕ್ಕ ಹಾಕಿದ.

"ಇಲ್ಲಿ ಕಟ್ ಹೊಡೆಯೋಕಾಗಲ್ಲ. ಅಣ್ಣನ್ನ ರಿವರ್ಸಲ್ಲಿ ತರಬೇಕಾಗುತ್ತೆ," ಎಂದ. ಯಾರೂ ನಗಲಿಲ್ಲ. ಹೇಳಿದವನೇ ಗೋಡೆಗೆ ಹಣೆಯಿಟ್ಟು ಅಳತೊಡಗಿದ.

ಆಗ ಮುಳ್ಳಣ್ಣನ ಹೆಂಡತಿ, ಅಂದರೆ ನಮ್ಮ ಬೀದಿಗೆಲ್ಲ ಅತ್ತಿಗೆ, ಹಿಂದಿನ ಕೋಣೆಯಿಂದ ಬಂದು ನನ್ನ ಕಡೆ ನೋಡಿದರು. ದನಿ ಎತ್ತಲಿಲ್ಲ.

"ನಿನ್ನ ಸಾಮಾನೆಲ್ಲ ತೆಗಿಯಪ್ಪಾ. ಅವರಿಗೆ ದಾರಿ ಆಗಲಿ."

ಬಂದವರೆಲ್ಲ ನನ್ನ ಕಡೆ ತಿರುಗಿದರು. ಬಟ್ಟೆ ಹೊಲಿಯುವವನಿಗೆ ಇಷ್ಟೊಂದು ಯಂತ್ರ ಎಲ್ಲಿಂದ ಬಂತು ಎಂದು ಅವರಿಗೆ ಅರ್ಥವಾಗಲಿಲ್ಲ. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ನನಗೂ ಸರಿಯಾಗಿ ಅರ್ಥವಾಗುತ್ತಿರಲಿಲ್ಲ.

*

ಮುಳ್ಳಣ್ಣ ಎನ್ನುವುದು ಬೀದಿಯವರು ಇಟ್ಟ ಹೆಸರು. ಮೀಟರಿನ ಮುಳ್ಳು ಕೂದಲೆಳೆಯಷ್ಟು ಆಚೆ ನಿಂತರೂ ಅವನಿಗೆ ಊಟ ಸೇರುತ್ತಿರಲಿಲ್ಲ. ಕಾಲೇಜುಗಳು, ಕಾರ್ಖಾನೆಗಳು, ರೇಡಿಯೋ ರಿಪೇರಿಯವರು, ಎಲ್ಲರ ಅಳೆಯುವ ಯಂತ್ರಗಳೂ ಅವನ ಮೇಜಿಗೇ ಬರುತ್ತಿದ್ದವು. ಅಳೆಯುವುದನ್ನೇ ಅಳೆಯುವವನು ಅವನು. ಆಮೇಲೆ ಅಂಗೈಯಗಲದ ಹೊಸ ಯಂತ್ರಗಳು ಬಂದವು, ಹಳೆಯವು ಗುಜರಿಗೆ ಬಿದ್ದವು. ಗುಜರಿಗೆ ಬಿದ್ದದ್ದನ್ನು ಮುಳ್ಳಣ್ಣ ಮನೆಗೆ ತರತೊಡಗಿದ.

ಅತ್ತಿಗೆ ತುಂಬ ದಿನ ಸಹಿಸಿದರು. ಒಂದು ದಿನ ಅಡುಗೆಮನೆಯ ಕಪಾಟಿನಲ್ಲಿ ಸಕ್ಕರೆ ಡಬ್ಬಕ್ಕೆ ಕೈ ಹಾಕಿದರೆ ವೋಲ್ಟ್‌ಮೀಟರಿನ ತಿರುಪು ಸಿಕ್ಕಿತು.

"ಇನ್ನೊಂದು ಡಬ್ಬ ಒಳಗೆ ಬಂದ್ರೆ ನಾನು ಹೊರಗೆ ಹೋಗ್ತೀನಿ," ಎಂದರು. ಅವರು ತಮಾಷೆಗೆ ಹೇಳುವವರಲ್ಲ.

ಸ್ವಲ್ಪ ದಿನಕ್ಕೇ ಮುಳ್ಳಣ್ಣ ತಳ್ಳುಗಾಡಿಯಲ್ಲಿ ಇನ್ನೊಂದನ್ನು ತಂದ. ಬಾಗಿಲಲ್ಲಿ ಅತ್ತಿಗೆ ನಿಂತಿದ್ದರು. ಪಕ್ಕದ ಅಂಗಡಿಯಲ್ಲಿ ನಾನು ತೋಳು ಹೊಲಿಯುತ್ತ ಕೂತಿದ್ದೆ. ಮುಳ್ಳಣ್ಣ ಅವರನ್ನು ನೋಡಿದ, ನನ್ನನ್ನು ನೋಡಿದ.

"ಇದು ನಮ್ಮದಲ್ಲ ಕಣೇ. ದರ್ಜಿದು. ರಿಪೇರಿಗೆ ಕೊಟ್ಟಿದಾನೆ."

ದರ್ಜಿಗೆ ಇದೆಲ್ಲ ಯಾಕೆ ಎಂದು ಅತ್ತಿಗೆ ನನ್ನನ್ನೇ ಕೇಳಿದರು. ನನ್ನ ನಾಲಿಗೆ ಒಮ್ಮೆ ಓಡತೊಡಗಿದರೆ ನನ್ನ ಮಾತನ್ನೇ ಕೇಳುವುದಿಲ್ಲ. ಹೊಲಿಗೆ ಮಷೀನಿನ ಮೋಟಾರು ನಡುಗುತ್ತದೆ, ಆ ನಡುಕವನ್ನು ಅಳೆದು ಹೊಲಿದರೆ ಮಾತ್ರ ಕಾಲರು ನೆಟ್ಟಗೆ ಕೂರುತ್ತದೆ, ಲೋಕದ ದೊಡ್ಡ ದರ್ಜಿಗಳೆಲ್ಲ ಹೀಗೇ ಮಾಡುವುದು ಎಂದುಬಿಟ್ಟೆ. ಅತ್ತಿಗೆ ಹೌದಾ ಎಂದು ದಾರಿ ಬಿಟ್ಟರು.

ಅಲ್ಲಿಂದ ಮುಂದೆ ಆ ಮನೆಗೆ ಬಂದದ್ದೆಲ್ಲ ನನ್ನದಾಯಿತು. ಮೊದಮೊದಲು ನಾಚಿಕೆಯಾಗುತ್ತಿತ್ತು. ಬರಬರುತ್ತ ರುಚಿ ಹತ್ತಿತು. ಟೀ ಅಂಗಡಿಯಲ್ಲಿ "ನಮ್ಮ ಸಂಗ್ರಹ" ಎಂದು ಹೇಳಿಕೊಳ್ಳತೊಡಗಿದೆ. ಸಮುದ್ರದಾಚೆಯ ಮ್ಯೂಸಿಯಂನವರು ಹಡಗು ಕಳಿಸಿ ಕೇಳಿದರೂ ಕೊಡಲಿಲ್ಲ ಎಂದೆ. ಮುಳ್ಳಣ್ಣ ಪಕ್ಕದಲ್ಲೇ ಕೂತು ಟೀ ಊದುತ್ತ, ಹಡಗಿನ ಬಣ್ಣ ಯಾವುದು ಎಂದು ಮಾತ್ರ ಕೇಳಿದ.

*

ಪ್ಯಾಸೇಜು ಖಾಲಿಯಾಯಿತು. ಉಳಿದದ್ದು ಒಂದೇ. ತಿರುವಿನಲ್ಲಿ, ಚಕ್ರದ ಮೇಜಿನ ಮೇಲೆ, ಟ್ರಂಕಿನಷ್ಟು ದೊಡ್ಡ ಆಸಿಲೋಸ್ಕೋಪು. ಕರೆಂಟಿನ ಏರಿಳಿತವನ್ನು ದುಂಡು ಗಾಜಿನ ಮೇಲೆ ಹಸಿರು ಗೆರೆಯಾಗಿ ಬರೆದು ತೋರಿಸುವ ಯಂತ್ರ ಅದು. ಗಾಜು ಈಗ ಕಪ್ಪಗಿತ್ತು. ಆದರೆ ಯಂತ್ರ ಆರಿರಲಿಲ್ಲ. ಮೈ ಮುಟ್ಟಿದರೆ ಬೆಚ್ಚಗಿತ್ತು. ಅದರ ವಯರು ಒಂದು ಬಲ್ಬಿನ ಮೂಲಕ ಹಾದು, ಕರೆಂಟನ್ನು ಸ್ವಲ್ಪಸ್ವಲ್ಪವಾಗಿ ಏರಿಸುವ, ದಪ್ಪ ತಿರುಗುಬಿಲ್ಲೆಯ ವೇರಿಯಾಕಿಗೆ ಸೇರಿತ್ತು. ಬಿಲ್ಲೆ ಅರ್ಧದಲ್ಲಿ ನಿಂತಿತ್ತು.

ತಮ್ಮ ಸ್ವಿಚ್ಚಿಗೆ ಕೈ ಚಾಚಿದ. ಅತ್ತಿಗೆ ಅವನ ಮಣಿಕಟ್ಟು ಹಿಡಿದುಕೊಂಡರು.

"ಮುಟ್ಟಬೇಡ. ಅವರು ಇನ್ನೂ ಹೇಳಿಲ್ಲ."

ಯಾರು ಹೇಳಬೇಕು, ಏನು ಹೇಳಬೇಕು ಎಂದು ಅವನಿಗೆ ತಿಳಿಯಲಿಲ್ಲ. ಹಿಂದಿನ ಕೋಣೆಯ ಕಡೆ ನೋಡಿದ, ನನ್ನ ಕಡೆ ನೋಡಿದ. ಬಾಗಿಲ ಹತ್ತಿರ ನಿಂತಿದ್ದ ಕಾಲೇಜಿನ ಲ್ಯಾಬ್ ಮೇಷ್ಟ್ರು ಅವನಿಗೆ ತಗ್ಗಿದ ದನಿಯಲ್ಲಿ ವಿವರಿಸಿದರು: ವರ್ಷಗಟ್ಟಲೆ ಮಲಗಿದ ಯಂತ್ರಕ್ಕೆ ಒಮ್ಮೆಲೇ ಪೂರ್ತಿ ಕರೆಂಟು ಕೊಟ್ಟರೆ ಒಳಗಿನ ಕೆಪ್ಯಾಸಿಟರುಗಳು ಸಿಡಿಯುತ್ತವೆ, ಅದಕ್ಕೇ ಮುಳ್ಳಣ್ಣ ಸ್ವಲ್ಪ ಸ್ವಲ್ಪವೇ ಏರಿಸಿ, ನಡುನಡುವೆ ಕಾಯುತ್ತಿದ್ದ, ಒಳಗೆ ಏನಾದರೂ ಕೆಟ್ಟಿದ್ದರೆ ಆ ಬಲ್ಬು ಜೋರಾಗಿ ಹತ್ತಿ ಹೇಳುತ್ತದೆ. ನಿನ್ನೆ ಅರ್ಧಕ್ಕೆ ಏರಿಸಿ, ಕಾಯಲು ಕುರ್ಚಿಯಲ್ಲಿ ಕೂತಿದ್ದಾನೆ. ಅಷ್ಟರಲ್ಲಿ ಹೀಗಾಗಿದೆ.

"ಹಂಗಾದ್ರೆ ಆರಿಸೋದಾ, ಬೇಡ್ವಾ?" ತಮ್ಮ ಕೇಳಿದ.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು.

*

ಕಡೆಯ ವರ್ಷ ಮುಳ್ಳಣ್ಣನ ಕೈ ನಡುಗುತ್ತಿತ್ತು. ಬೆಸುಗೆ ಹಾಕುವಾಗ ಕಾದ ಸೀಸದ ಹನಿ ಒಂದು ಕಡೆ ಬೀಳಬೇಕಾದದ್ದು ಇನ್ನೊಂದು ಕಡೆ ಬೀಳುತ್ತಿತ್ತು. ಸರಿಮಾಡಿ ಕಳಿಸಿದ ಮೀಟರುಗಳು ಹಿಂದಕ್ಕೆ ಬಂದವು. ಆಮೇಲೆ ಹಿಂದಕ್ಕೂ ಬರಲಿಲ್ಲ, ಹೊಸದೂ ಬರಲಿಲ್ಲ. ಅವನು ಮಾತ್ರ ದಿನಾ ಬಾಗಿಲ ಮೇಲಿನ ಬೋರ್ಡಿನ ಧೂಳು ಒರೆಸಿ ಅಂಗಡಿ ತೆಗೆಯುತ್ತಿದ್ದ. ಅಂಗಡಿ ಎಂದರೆ ಬೀದಿಬಾಗಿಲೇ.

ಈ ಸ್ಕೋಪನ್ನು ತಂದ ದಿನ ಅತ್ತಿಗೆಯೂ ಇದ್ದರು, ನಾನೂ ಇದ್ದೆ. ಮುಳ್ಳಣ್ಣ ಅದರ ಬೆನ್ನ ಮೇಲೆ ಕೈಯಿಟ್ಟು ಹೇಳಿದ: "ಇದು ಎದ್ರೆ ನನಗಿನ್ನೂ ಕೈ ಇದೆ ಅಂತ. ಏಳಲಿಲ್ಲ ಅಂದ್ರೆ ನಾನೇ ಬೋರ್ಡ್ ಇಳಿಸ್ತೀನಿ. ಎರಡ್ರಲ್ಲೊಂದು ಗೊತ್ತಾಗೋವರ್ಗೂ ಯಾರೂ ಇದನ್ನ ಆರಿಸ್ಬಾರ್ದು."

ಆಮೇಲೆ ನನ್ನ ಕಡೆ ತಿರುಗಿ, ಅತ್ತಿಗೆಗೆ ಕೇಳುವಂತೆ, "ನಿನ್ನ ಸ್ಕೋಪು ಒಂದಿಷ್ಟು ದಿನ ನನ್ನ ಹತ್ರಾನೇ ಇರ್ಲಪ್ಪಾ," ಎಂದ.

*

"ಗೊತ್ತಾಗದೆ ಅವರನ್ನ ಹೇಗೆ ಕಳಿಸಲಿ?" ಅತ್ತಿಗೆ ಕೇಳಿದರು. ಯಾರನ್ನೂ ಉದ್ದೇಶಿಸಿ ಅಲ್ಲ. ಆಮೇಲೆ ನನ್ನನ್ನು ಹಿಡಿದರು. "ನಿಂದಲ್ವಾ. ನೀನೇ ಹೇಳು. ಮೇಲಕ್ಕೆ ತಿರುಗಿಸೋದಾ, ಆರಿಸೋದಾ?"

ಮೇಲಕ್ಕೆ ತಿರುಗಿಸಿದರೆ ಹೊಗೆ ಬಂದೀತು. ಹೆಣ ಮನೆಯಲ್ಲಿರುವಾಗಲೇ ಅವನ ಕಡೆಯ ಕೆಲಸ ಎಲ್ಲರೆದುರು ಸುಟ್ಟುಹೋದೀತು. ಆರಿಸಿದರೆ ಎಂದಿಗೂ ಗೊತ್ತಾಗುವುದಿಲ್ಲ. ನಾನು ಎರಡನ್ನೂ ಹೇಳದೆ, ಇದು ನಮ್ಮ ತಾತನ ಕಾಲದ ಸೊತ್ತು, ಬಿರುಗಾಳಿಗೆ ಸಿಕ್ಕಿ ಮುಳುಗುತ್ತಿದ್ದ ಹಡಗಿನಿಂದ ಈಜಿಕೊಂಡು ತಂದದ್ದು, ಆದ್ದರಿಂದ ಯೋಚಿಸಿ ಹೇಳಬೇಕಾಗುತ್ತದೆ ಎಂದು ಶುರುಮಾಡಿದೆ.

ಮೇಷ್ಟ್ರು ಬಗ್ಗಿ ಸ್ಕೋಪಿನ ಪಕ್ಕೆಯ ಮೇಲಿದ್ದ ಬಿಳಿ ಬಣ್ಣದ ಗುರುತನ್ನು ಉಗುರಿನಿಂದ ಕೆರೆದರು.

"ಇದು ನಮ್ಮ ಲ್ಯಾಬಿಂದು ಕಣ್ರೀ. ಈ ಗುರುತು ಹಾಕಿದವನೂ ನಾನೇ, ಗುಜರಿಗೆ ಹಾಕಿದವನೂ ನಾನೇ. ಮುಳ್ಳಣ್ಣ ಕೇಳಿ ತಗೊಂಡು ಹೋದ." ಆಮೇಲೆ ತಮಗೇ ಅನುಮಾನ ಬಂದವರಂತೆ ಕೇಳಿದರು. "ನಿಮ್ಮ ತಾತ ನಮ್ಮ ಕಾಲೇಜಿಗೆ ಈಜ್ಕೊಂಡು ಬಂದಿದ್ರಾ?"

ಅತ್ತಿಗೆ ನನ್ನ ಮುಖ ನೋಡುತ್ತಲೇ ಇದ್ದರು. ಅಲ್ಲಿ ಅಡಗಲು ಜಾಗವಿರಲಿಲ್ಲ. ಪ್ಯಾಸೇಜನ್ನು ಆಗ ತಾನೇ ಖಾಲಿ ಮಾಡಿದ್ದೆವು.

"ನಂದಲ್ಲ ಅತ್ತಿಗೆ," ಎಂದೆ.

"ಇದೊಂದಾ?"

"ಯಾವುದೂ ನಂದಲ್ಲ."

ಅವರು ಬೀದಿಬಾಗಿಲಿನಾಚೆ ನೋಡಿದರು. ಹೊರಗೆ ಬಿಸಿಲಲ್ಲಿ ಡಬ್ಬಗಳು ಸಾಲಾಗಿ ಕೂತಿದ್ದವು, ಗಾಜಿನೊಳಗೆ ಮುಳ್ಳುಗಳೆಲ್ಲ ಸೊನ್ನೆಗೆ ಒರಗಿ.

"ಮತ್ತೆ ಆ ನಡುಗೋ ಮೋಟಾರು?"

"ನಂದು ಕಾಲಲ್ಲಿ ತುಳಿಯೋ ಮಷೀನು, ಅತ್ತಿಗೆ. ಅದಕ್ಕೆ ಮೋಟಾರೇ ಇಲ್ಲ."

"ದಿನಾ ನೋಡ್ತಿದ್ದೆನಲ್ಲ ಅದನ್ನ." ಅವರ ಹುಬ್ಬು ಗಂಟಾಯಿತು. "ನೀನು ತುಳಿಯೋದನ್ನ ದಿನಾ ನೋಡ್ತಿದ್ದೆ. ನಾನ್ಯಾಕೆ ಕೇಳಲಿಲ್ಲ?"

ಕೋಪ ಬಂದಿದೆಯೋ, ನಗು ಬರುತ್ತಿದೆಯೋ ಅವರಿಗೇ ತಿಳಿಯದಂತೆ ಸೆರಗಿನ ತುದಿಯನ್ನು ಮಡಿಸುವುದು, ಬಿಡಿಸುವುದು ಮಾಡುತ್ತಿದ್ದರು.

"ಹಾಗಾದ್ರೆ ಇದು ನಂದು," ಎಂದರು ಕೊನೆಗೆ.

ಒಳಗಿನಿಂದ ಅವನ ಕುರ್ಚಿಯನ್ನು ತಾವೇ ಎಳೆದು ತಂದು ಕೂತರು. ಬಿಲ್ಲೆಯ ಮೇಲೆ ಕೈಯಿಟ್ಟರು. ತಾವು ತಿರುಗಿಸುವುದಾಗಿ ಮೇಷ್ಟ್ರು ಹೇಳಿದಾಗ ಬೇಡವೆಂದು ತಲೆಯಾಡಿಸಿದರು. ಒಂದಿಷ್ಟು ತಿರುಗಿಸಿ ಕೈ ತಡೆದರು, ಕಿವಿಗೊಟ್ಟರು. ಮತ್ತೊಂದಿಷ್ಟು ತಿರುಗಿಸಿದರು. ಥೇಟ್ ಮುಳ್ಳಣ್ಣನ ಹಾಗೇ, ತುಟಿ ಒಂದು ಕಡೆಗೆ ಎಳೆದುಕೊಂಡು. ತಮಗೆ ಬೇಡದ ಈ ಕೆಲಸವನ್ನು ಅತ್ತಿಗೆ ಇಷ್ಟು ಸರಿಯಾಗಿ ನೋಡಿಟ್ಟುಕೊಂಡಿದ್ದರೆಂದು ಅವನಿಗೆ ಗೊತ್ತಿತ್ತೋ ಇಲ್ಲವೋ.

ಬಲ್ಬು ಕೆಂಪಗಾಯಿತು. ತಮ್ಮ ಒಂದು ಹೆಜ್ಜೆ ಹಿಂದೆ ಸರಿದ. ಬಲ್ಬು ಮತ್ತೆ ಮಂಕಾಯಿತು. ಯಂತ್ರದ ಬೆನ್ನಿನ ತೂತುಗಳಿಂದ ಕಿತ್ತಳೆ ಬಣ್ಣದ ಬೆಳಕು ಗೋಡೆಗೆ ಬಿತ್ತು, ಕಾದ ಧೂಳಿನ ವಾಸನೆ ಹಬ್ಬಿತು. ಬಿಲ್ಲೆ ಪೂರ್ತಿ ತಿರುಗಿತು. ಗಾಜು ಕಪ್ಪಗೇ ಇತ್ತು. ಹೊರಗೆ ವ್ಯಾನಿನವನು ಒಂದು ಸಲ ಹಾರನ್ ಒತ್ತಿ, ತಪ್ಪಾಯಿತೆಂದು ಸುಮ್ಮನಾದ.

ಆಮೇಲೆ ಗಾಜಿನ ನಡುವೆ ಒಂದು ಹಸಿರು ಚುಕ್ಕಿ ಬಂತು.

ಗೆರೆಯಲ್ಲ. ಚುಕ್ಕಿ. ಅದು ಅಲ್ಲೇ ನಿಂತಿತು, ಎಡಕ್ಕೂ ಹೋಗಲಿಲ್ಲ, ಬಲಕ್ಕೂ ಹೋಗಲಿಲ್ಲ. ಮೇಷ್ಟ್ರು ಅದೂ ಇದೂ ಗುಂಡಿ ತಿರುಗಿಸಿ ನೋಡಿದರು.

"ಜೀವ ಬಂದಿದೆಯಮ್ಮಾ. ಗೆರೆ ಎಳೀತಿಲ್ಲ."

"ಅಂದ್ರೆ ಎದ್ದಿದೆಯೋ, ಇಲ್ವೋ?"

ಎರಡೂ ಹೌದು ಎಂದರು ಮೇಷ್ಟ್ರು. ಚುಕ್ಕಿ ಒಂದೇ ಕಡೆ ಹೆಚ್ಚು ಹೊತ್ತು ನಿಂತರೆ ಗಾಜಿನ ಒಳಪದರ ಸುಟ್ಟು ಕಲೆಯಾಗುತ್ತದೆ, ಬೆಳಕು ಇಳಿಸಬೇಕು ಎಂದೂ ಹೇಳಿದರು. ಅತ್ತಿಗೆ ಅವರು ತೋರಿಸಿದ ಗುಂಡಿಯನ್ನು ಇಳಿಸುತ್ತ ಬಂದರು. ಇದೆಯೋ ಇಲ್ಲವೋ ಎನ್ನುವಷ್ಟಾದಾಗ ಕೈ ತೆಗೆದರು. ಆರಿಸಲಿಲ್ಲ. ಮೇಜನ್ನು ಗೋಡೆಗೆ ಒತ್ತರಿಸಿದೆವು.

ತಮ್ಮ ಮುಂದೆ ನಿಂತು, ಬಸ್ಸಿಗೆ ದಾರಿ ತೋರಿಸುವಂತೆ ಕೈಯಾಡಿಸುತ್ತ, ಬಿಡಿ ಬಿಡಿ, ಸ್ವಲ್ಪ ಎಡಕ್ಕೆ ಎನ್ನುತ್ತ ಅಣ್ಣನನ್ನು ಆ ತಿರುವಿನಲ್ಲಿ ಎಲ್ಲೂ ತಾಗದಂತೆ ಹೊರಗೆ ತಂದ.

*

ಬೀದಿಯಲ್ಲಿ ಜನ ನನ್ನನ್ನು ಮುತ್ತಿಕೊಂಡರು. ಒಳಗೆ ಏನಾಯಿತು ಎಂದು ಟೀ ಅಂಗಡಿಯವನು ಕೇಳಿದ. ಗೆರೆ ಬಂತು ಎಂದೆ. ಗಾಜಿನ ಈ ಅಂಚಿನಿಂದ ಆ ಅಂಚಿನವರೆಗೆ ಅಲೆ ಅಲೆಯಾಗಿ, ಪ್ಯಾಸೇಜೆಲ್ಲ ಹಸಿರಾಗಿ, ಮುಳ್ಳಣ್ಣನ ಮುಖದ ಮೇಲೂ ಆ ಬೆಳಕು ಬಿದ್ದು, ತುಟಿ ಒಂಚೂರು ಅರಳಿತು ಎಂದು ಎರಡೂ ತೋಳು ಚಾಚಿ ತೋರಿಸುತ್ತಿದ್ದೆ. ಎಲ್ಲರೂ ನನ್ನ ಬೆನ್ನ ಹಿಂದೆ ನೋಡತೊಡಗಿದರು.

ಅತ್ತಿಗೆ ನಿಂತಿದ್ದರು. ನನ್ನ ಕತ್ತಿನಿಂದ ಟೇಪು ಎಳೆದು ನನ್ನ ಕೈಗೇ ಕೊಟ್ಟರು.

"ಎಷ್ಟುದ್ದ ಬಂತು? ಅಳೆದು ತೋರ್ಸು."

ಟೇಪು ಹಿಡಿದು ನಿಂತೆ. ಚಾಚಿದ ತೋಳು ತಾನಾಗಿ ಇಳಿಯಿತು.

"ಚುಕ್ಕಿ, ಅತ್ತಿಗೆ. ಸೂಜಿ ಕಣ್ಣಷ್ಟು."

"ಹ್ಞೂ. ಅಷ್ಟೇ ಹೇಳು."

ಅಷ್ಟೇ ಹೇಳಿದ್ದೇನೆ. ಡಬ್ಬಗಳನ್ನು ನಿಜಕ್ಕೂ ಹೊತ್ತದ್ದು ತಮ್ಮ, ಮೇಷ್ಟ್ರು ಮತ್ತು ವ್ಯಾನಿನವನು. ನಾನು ಬಾಗಿಲು ಹಿಡಿದುಕೊಂಡಿದ್ದೆ.

ವ್ಯಾನು ಹೊರಟಾಗ ಹಿಂದಿನ ಕಿಟಕಿಯಿಂದ ತಿರುಗಿ ನೋಡಿದೆ. ಬಾಗಿಲ ಮೇಲೆ ಬೋರ್ಡು ಇನ್ನೂ ಇತ್ತು, ಅದರ ಕೆಳಗೆ ಡಬ್ಬಗಳು, ಡಬ್ಬಗಳ ಹಿಂದೆ ಕತ್ತಲ ಪ್ಯಾಸೇಜು. ಬೀದಿಯ ತುದಿಯವರೆಗೂ ಆ ಚುಕ್ಕಿ ಮಿನುಗುತ್ತಿತ್ತು ಎಂದು ಹೇಳುವ ಆಸೆ. ಅಲ್ಲಿಂದ ಕಾಣುತ್ತಿರಲಿಲ್ಲ.