ನಾಲ್ಕನೆಯ ಮತ್ತು ಐದನೆಯ ಪಾವಟಿಗೆ

ಪಾವಟಿಗೆ ಮುರಿದದ್ದು ಜುಲೈ ಒಂಬತ್ತರ ಬುಧವಾರ, ಬೆಳಿಗ್ಗೆ ಏಳೂವರೆಗೆ. ಗ್ಯಾಸ್ ಸಿಲಿಂಡರ್ ಹೊತ್ತು ಹತ್ತುತ್ತಿದ್ದವನ ಕಾಲಡಿಯಲ್ಲಿ ನಾಲ್ಕನೆಯ ಮೆಟ್ಟಿಲಿನ ಪರಸಿ ಕಲ್ಲು ಎರಡಾಯಿತು. ಅವನು ಪಕ್ಕಕ್ಕೆ ಹಾರಿ ಪಾರಾದ. ಹೆಗಲ ಮೇಲಿದ್ದ ಸಿಲಿಂಡರ್ ಮುಂದಕ್ಕೆ ಉರುಳಿ ಐದನೆಯ ಕಲ್ಲನ್ನೂ ಮುರಿಯಿತು. ಒಟ್ಟು ಹದಿನಾಲ್ಕು ಪಾವಟಿಗೆಗಳು. ಒಂದು ತುದಿ ಗೋಡೆಯಲ್ಲಿ ಹೂತಿದೆ, ಇನ್ನೊಂದು ತುದಿಗೆ ಆಧಾರವಿಲ್ಲ. ವಿಜಯಪುರದ ಗಾಂಧಿ ಚೌಕಿನ ಹಿಂದಿನ ಓಣಿಯ ಆ ಮನೆಯ ಮೇಲಂತಸ್ತಿಗೆ ಬೇರೆ ದಾರಿಯಿಲ್ಲ.

ಮೇಲೆ ಬಾಡಿಗೆಗಿದ್ದವರು ಮೂವರು: ಬಸ್ ಕಂಡಕ್ಟರ್ ರಾಜಾರಾಮ, ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ ಅವನ ಹೆಂಡತಿ ಆಮ್ರಪಾಲಿ, ಅವನ ತಾಯಿ ಸೀತವ್ವ. ಸೀತವ್ವ ಆ ದಿನ ಮನೆಯಲ್ಲಿರಲಿಲ್ಲ. ಬಲ ಮೊಣಕಾಲಿನ ಆಪರೇಷನ್ ಆದ ಮೇಲೆ, ಜೂನ್ ಇಪ್ಪತ್ತೇಳರಿಂದ ಹದಿನೈದು ದಿನದ ಮಟ್ಟಿಗೆಂದು ಬಬಲೇಶ್ವರದಲ್ಲಿ ಮಗಳು ಸಪ್ನಾಳ ಮನೆಯಲ್ಲಿದ್ದಳು. ಆ ಮನೆ ನೆಲಮಟ್ಟದಲ್ಲಿತ್ತು, ಅಷ್ಟಕ್ಕೇ ಅಲ್ಲಿ ಬಿಟ್ಟದ್ದು. ಹದಿನೈದು ದಿನ ಮುಗಿಯುವ ಮೊದಲೇ ಇಲ್ಲಿ ಕಲ್ಲು ಬಿದ್ದವು. ಗಟ್ಟಿಮುಟ್ಟಾದವರು ಗೋಡೆ ಹಿಡಿದು ಮೂರನೆಯದರಿಂದ ಆರನೆಯದಕ್ಕೆ ಕಾಲು ಚಾಚಬಹುದು. ಆಮ್ರಪಾಲಿ ದಿನಕ್ಕೆ ನಾಲ್ಕು ಸಲ, ನೀರಿನ ಕೊಡದೊಂದಿಗೂ, ಹಾಗೆಯೇ ಏರಿಳಿಯುತ್ತಿದ್ದಳು. ಅರವತ್ತೇಳು ವರ್ಷದ ಸೀತವ್ವನಿಗೆ ಅದು ಆಗದ ಮಾತು.

ಮನೆ ಮಾಲೀಕ ಅಮರಪ್ಪನದು ತಿಕೋಟಾ. ಹೊನವಾಡದಲ್ಲಿ ದ್ರಾಕ್ಷಿ ತೋಟ, ಒಣದ್ರಾಕ್ಷಿಯ ವ್ಯಾಪಾರ. ವಿಜಯಪುರದ ಮನೆಯ ಕೆಳಭಾಗ ಅವನದೇ ಗೋದಾಮು, ಸದಾ ಬೀಗ. ಅವನು ಆ ಪಾವಟಿಗೆ ಹತ್ತಿದ್ದನ್ನು ಯಾರೂ ಕಂಡಿರಲಿಲ್ಲ.

ಜುಲೈನಲ್ಲಿ ಅವನೆಂದ: "ಆಷಾಢದಾಗ ಮನಿಗಿ ಕೈ ಹಚ್ಚೂದು ಬ್ಯಾಡ್ರಿ." ಆಗಸ್ಟ್‌ನಲ್ಲಿ ಎಂದ: "ಗೌಂಡಿ ಹುಸೇನಸಾಬ ನಮ್ಮ ಶೆಡ್ಡಿನ ಕೆಲಸದಾಗ ಅದಾನ್ರಿ. ಅವನು ಕುಂಡ್ರಿಸಿದ ಕಲ್ಲು, ಅವನ ಬರಬೇಕು." ಗಾರೆ ಕೆಲಸ ಮಾಡುವ ಓಣಿಯ ಗೌಂಡಿಯನ್ನು ಕರೆದು ತೋರಿಸಿದರೆ ಅವನು ಗೋಡೆಯನ್ನು ಬಡಿದು ನೋಡಿ, ಮಾಲೀಕರ ಮಾತಿಲ್ಲದೆ ಮುಟ್ಟುವುದಿಲ್ಲ ಎಂದ. ಗೋಡೆ ಸರಿದರೆ ಹೊಣೆ ಯಾರು? ಆಮ್ರಪಾಲಿ ಹುಸೇನಸಾಬನಿಗೆ ಫೋನ್ ಮಾಡಿದರೆ, "ಧಣ್ಯಾರು ಹೇಳಿದ್ರ ಇವತ್ತ ಬರ್ತೇನ್ರಿ ಬಾಯಾರ" ಎಂದ. ಧಣಿ ಹೇಳಲಿಲ್ಲ. ಸೆಪ್ಟೆಂಬರ್ ಬಂತು. "ಇನ್ನ ಪಕ್ಷ ಸುರು ಆತಲ್ರಿ, ಪಿತೃಗಳ ದಿನ. ಅಮಾಸಿ ಆಗ್ಲಿ."

ಐದು ಸಲ ಗಂಡ ಹೆಂಡತಿ ತಿಕೋಟಾಕ್ಕೆ ಹೋಗಿಬಂದರು. ಐದು ಸಲವೂ ಚಹಾ ಕುಡಿದರು. ಎರಡು ಸಲ ಒಂದೊಂದು ಕಿಲೋ ಒಣದ್ರಾಕ್ಷಿ ಕಟ್ಟಿಸಿಕೊಂಡು ಬಂದರು. ಚಹಾ ಕುಡಿದ ಮೇಲೆ ಜಗಳದ ಮಾತು ಬಾಯಿಗೆ ಬರುತ್ತಿರಲಿಲ್ಲ, ರಾಜಾರಾಮನಿಗಂತೂ.

"ಐವತ್ತು ಮಂದಿ ತುಂಬಿದ ಬಸ್ಸಿನ್ಯಾಗ ಟಿಕೆಟ್ ಇಲ್ಲದವನ್ನ ಹಿಡದು ಇಳಸ್ತೀರಿ. ಅವರ ಮುಂದ ಯಾಕ ದನಿ ಹೊಂಡೂದಿಲ್ಲ?" ಎಂದು ಆಮ್ರಪಾಲಿ ಕೇಳಿದಳು.

"ಮನಿ ಕೊಟ್ಟಾರಲೇ."

ಅದು ನಿಜ. ಎರಡು ವರ್ಷದ ಹಿಂದೆ ಅವರು ಹನ್ನೊಂದು ಮನೆ ನೋಡಿದ್ದರು. ಹನ್ನೊಂದು ಕಡೆಯೂ ಅಡ್ಡಹೆಸರು ಕೇಳಿದ ಮೇಲೆ ಮಾಲೀಕರ ಮಗಳು ಅಳಿಯನೇ ಅಲ್ಲಿರಲು ಬರುತ್ತಿರುವುದು ಇದ್ದಕ್ಕಿದ್ದಂತೆ ಗೊತ್ತಾಗಿತ್ತು. ಇವರು ಬೌದ್ಧರಾದ ದಲಿತರು. ಅಮರಪ್ಪ ಅಡ್ಡಹೆಸರು ಕೇಳದೆ ಕೀಲಿಕೈ ಕೊಟ್ಟಿದ್ದ. ಆ ಸಂಗತಿಯನ್ನು ಅವನೂ ಮರೆತಿರಲಿಲ್ಲ, ಬೇರೆಯವರಿಗೂ ಮರೆಯಗೊಡುತ್ತಿರಲಿಲ್ಲ. ಇವರು ಹೋದಾಗಲೆಲ್ಲ ಹೆಂಡತಿಯನ್ನು ಗಟ್ಟಿಯಾಗಿ ಕೂಗುತ್ತಿದ್ದ: "ಕಾಶಿಬಾಯಿ, ಚಹಾ ತಾ. ನಾವು ಕುಡಿಯೂ ಕಪ್ಪಿನ್ಯಾಗ ತಾ."

ಸೆಪ್ಟೆಂಬರ್ ಹದಿಮೂರರಂದು ಬಬಲೇಶ್ವರಕ್ಕೆ ಹೋದಾಗ ಸೀತವ್ವ ತನ್ನ ಸೀರೆಗಳನ್ನು ಚೀಲಕ್ಕೆ ತುಂಬಿಟ್ಟು ಕುಳಿತಿದ್ದಳು.

"ಅಳಿಯ ಪಾಪ ಏನೂ ಅನ್ನಂಗಿಲ್ಲ. ಅನ್ನಂಗಿಲ್ಲ ಅನ್ನೂದ ನನಗ ಸಂಕಟ. ಅಮಾಸಿ ಒಳಗ ಕರ್ಕೊಂಡು ಹೋಗ್ರಿ. ಇಲ್ಲಾಂದ್ರ ನಾ ಮಮದಾಪುರ ಬಸ್ ಹತ್ತತೀನಿ."

ಮಮದಾಪುರದ ತಮ್ಮ ಹಳೆಯ ಮನೆಗೆ ಆರು ವರ್ಷದಿಂದ ಬೀಗ. ಅಲ್ಲಿ ಸಂಡಾಸವಿಲ್ಲ, ಬಯಲಿಗೇ ಹೋಗಬೇಕು. ಡಾಕ್ಟರು ಕುಕ್ಕರಗಾಲಲ್ಲಿ ಕೂರಲೇಬಾರದು ಎಂದು ಬರೆದುಕೊಟ್ಟಿದ್ದರು.

"ಅವ್ವಾ, ಬಬಲೇಶ್ವರದಿಂದ ಹೊಂಟ ಬಸ್ಸಿನ ಕಂಡಕ್ಟರ್ ಎಲ್ಲಾರೂ ನನಗ ಪರಿಚಯ. ನಿನ್ನ ಹತ್ತಿಸ್ಕೊಳ್ಳೂದಿಲ್ಲ," ಎಂದ ರಾಜಾರಾಮ.

"ಟಂಟಂ ಗಾಡಿ ಅದಾವ," ಎಂದಳು ಸೀತವ್ವ.

ಮರುದಿನ ಭಾನುವಾರ. ತಿಕೋಟಾದಲ್ಲಿ ಅಮರಪ್ಪನ ಪಡಸಾಲೆಯಲ್ಲಿ ಒಣದ್ರಾಕ್ಷಿ ವ್ಯಾಪಾರಿಗಳಿಬ್ಬರು ಕುಳಿತಿದ್ದರು. ಅಮರಪ್ಪ ಎದ್ದು ಬಂದು ಇವರನ್ನು ಕುರ್ಚಿಯಲ್ಲಿ ಕೂರಿಸಿದ.

"ನಮ್ಮ ಬಿಜಾಪುರ ಮನ್ಯಾಗ ಇರೂರು," ಎಂದು ವ್ಯಾಪಾರಿಗಳಿಗೆ ಹೇಳಿದ. "ನಮ್ಮಲ್ಲಿ ಅದೆಲ್ಲಾ ಇಲ್ರಿ."

ಅದೆಲ್ಲ ಎಂದರೆ ಏನೆಂದು ಯಾರೂ ಕೇಳಲಿಲ್ಲ. ಕಾಶಿಬಾಯಿ ಚಹಾ ತಂದಳು. ರಾಜಾರಾಮ ಕಪ್ಪು ತೆಗೆದುಕೊಂಡ. ಆಮ್ರಪಾಲಿ ಕೈ ಚಾಚಲಿಲ್ಲ.

"ನನಗ ಬ್ಯಾಡ್ರಿ."

"ಯಾಕ ತಂಗಿ, ಸಕ್ಕರಿ ಬಿಟ್ಟೀರೇನು?" ಎಂದ ಅಮರಪ್ಪ.

"ಸಕ್ಕರಿ ಬಿಟ್ಟಿಲ್ರಿ. ಪಾವಟಿಗಿ ಆಗೂ ತನಕ ಈ ಮನ್ಯಾಗ ಚಹಾ ಕುಡಿಯೂದಿಲ್ಲ."

ರಾಜಾರಾಮನ ಕಪ್ಪು ತುಟಿಯ ಹತ್ತಿರ ನಿಂತಿತು.

"ಪಾವಟಿಗೀದು ಬ್ಯಾರೆ, ಚಹಾದ್ದು ಬ್ಯಾರೆ," ಎಂದ ಅಮರಪ್ಪ.

"ನನಗೂ ಹಂಗ ಅನಿಸಿತ್ರಿ. ಐದು ಸಲ ಕುಡದ ಮ್ಯಾಲ ಎರಡೂ ಒಂದ ಅಂತ ಗೊತ್ತಾತು."

ಕಾಶಿಬಾಯಿ ಕಪ್ಪನ್ನು ಆಮ್ರಪಾಲಿಯ ಮುಂದಿನ ಟೀಪಾಯಿಯ ಮೇಲಿಟ್ಟು, "ಆರಿ ಹೋಗ್ತೈತ್ರಿ ಬಾಯಾರ, ತೊಗೋರಿ" ಎಂದಳು. ಆಮ್ರಪಾಲಿ ಅವಳಿಗೆ ಕೈ ಮುಗಿದಳು, ಕಪ್ಪು ಮುಟ್ಟಲಿಲ್ಲ. ಚಹಾದ ಮೇಲೆ ಕೆನೆ ಕಟ್ಟತೊಡಗಿತು. ಎಲ್ಲರೂ ಅದನ್ನೇ ನೋಡಿದರು.

ಹಿರಿಯ ವ್ಯಾಪಾರಿ ನಕ್ಕ. "ಅಮರಪ್ಪ, ಇಷ್ಟ ದಿನ ನೀ ಇವರಿಗಿ ಚಹಾ ಕೊಡ್ತೀಯೋ ಇಲ್ಲೋ ಅಂತ ಮಂದಿ ನೋಡ್ತಿದ್ರು. ಈಗ ಅವರ ಒಲ್ಲೆ ಅನ್ನಾಕತ್ತಾರಲ್ಲೋ."

ಅಮರಪ್ಪನಿಗೆ ನಗು ಬರಲಿಲ್ಲ. "ನಾ ಏನ್ ಅಂಥಾ ತಪ್ಪು ಮಾಡೇನ್ರಿ? ಯಾರೂ ಕೊಡದಾಗ ಮನಿ ಕೊಟ್ಟೇನಿ."

"ಕೊಟ್ಟೀರಿ, ಮರ್ತಿಲ್ರಿ. ಆ ಮನಿ ಹತ್ತಾಕ ನಮ್ಮತ್ತಿಗಿ ಬರವಲ್ದು. ಇವತ್ತಿಗಿ ಎಪ್ಪತ್ತೊಂಬತ್ತು ದಿನ ಆತು, ಅಳಿಯನ ಮನ್ಯಾಗ ಕುಂತಾಳ."

ಅಮರಪ್ಪ ಕಪ್ಪನ್ನು ನೋಡಿದ, ವ್ಯಾಪಾರಿಗಳನ್ನು ನೋಡಿದ, ಜೇಬಿನಿಂದ ಫೋನ್ ತೆಗೆದ. ಹುಸೇನಸಾಬನ ದನಿ ಎಲ್ಲರಿಗೂ ಕೇಳಿಸಿತು.

"ಅಮಾಸಿ ಆಗ್ಲಿ ಅಂದಿದ್ರೆಲ್ರಿ ಧಣ್ಯಾರ? ಪಕ್ಷ ಐತಿ ಅಂತ."

"ಪಕ್ಷಕ್ಕೂ ನಿನಗೂ ಏನೋ ಸಂಬಂಧ? ಮಂಗಳವಾರ ಹೋಗಿ ಮಾಡು."

ವಾಪಸ್ ಬರುವ ಬಸ್ಸಿನಲ್ಲಿ ರಾಜಾರಾಮ, ಊರು ಹತ್ತಿರ ಬಂದಾಗ, "ಮನಿ ಬಿಡಸ್ತಾರ ನೋಡು" ಎಂದ.

"ಬಿಡಸ್ಲಿ. ಅತ್ತಿ ಹತ್ತಲಾರದ ಮನಿ ಇದ್ದರ ಏನ್, ಬಿಟ್ಟರ ಏನ್."

"ನಾನೂ ಅರ್ಧಕ್ಕ ಇಟ್ಟೆ, ಚಹಾ."

"ಇಟ್ಟಿಲ್ಲ. ಅವರು ಫೋನ್ ಹಚ್ಚಿದಾಗ ಉಳದ ಅರ್ಧನೂ ಕುಡದ್ರಿ. ನೋಡೇನಿ."

ಹುಸೇನಸಾಬ ಮಂಗಳವಾರ ಒಂಬತ್ತಕ್ಕೆ ಎರಡು ಹೊಸ ಕಲ್ಲಿನೊಂದಿಗೆ ಬಂದ. ಗೋಡೆ ಬಗೆದು, ಕಲ್ಲು ಕೂರಿಸಿ, ಸಿಮೆಂಟ್ ತುಂಬಿ, ಕೆಳಗೆ ಕಟ್ಟಿಗೆಯ ಆಸರೆ ಕೊಟ್ಟು ಕೈ ತೊಳೆದಾಗ ಒಂದು ಗಂಟೆ. ಅರವತ್ತೊಂಬತ್ತು ದಿನ ಕಾಯಿಸಿದ ಕೆಲಸ ನಾಲ್ಕು ತಾಸಿನಲ್ಲಿ ಮುಗಿಯಿತು. ಹತ್ತು ದಿನ ಯಾರೂ ಮೆಟ್ಟಬಾರದು ಎಂದು ಹೇಳಿ ಹೋದ. ಅಮಾವಾಸ್ಯೆ ದಾಟುತ್ತದೆಂದು ಸೀತವ್ವನಿಗೆ ಫೋನ್ ಮಾಡಿ ಕಲ್ಲಿನ ಫೋಟೋ ಕಳಿಸಬೇಕಾಯಿತು. ಅವಳು ಸಪ್ನಾಳ ಕೈಯಲ್ಲಿ ಅದನ್ನು ದೊಡ್ಡದು ಮಾಡಿಸಿ ನೋಡಿ, ಚೀಲ ಬಿಚ್ಚದೆ ಕಾದಳು.

ಸೆಪ್ಟೆಂಬರ್ ಇಪ್ಪತ್ತೆಂಟರ ಭಾನುವಾರ ಅವಳು ಮನೆಗೆ ಬಂದಳು. ಎಡಗೈ ಗೋಡೆಗೆ, ಬಲಗೈ ಮಗನ ಹೆಗಲಿಗೆ. ಆರನೆಯ ಪಾವಟಿಗೆಯಲ್ಲಿ ನಿಂತು ಉಸಿರು ತೆಗೆದುಕೊಂಡಳು. ಮೇಲೆ ಬಂದು ತನ್ನ ಮಂಚದ ಮೇಲೆ ಕುಳಿತ ಮೇಲೆ ತಿಕೋಟಾದ ಕಥೆಯನ್ನು ಪೂರ್ತಿ ಕೇಳಿಸಿಕೊಂಡಳು.

"ಪಾವಟಿಗಿ ಆಗೂ ತನಕ ಅಂತ ಹೇಳಿದ್ದೆ, ಈಗ ಆತು. ಮುಂದಿನ ಐತವಾರ ಹೋಗಿ ಚಹಾ ಕುಡದು ಬರಬೇಕು," ಎಂದಳು ಆಮ್ರಪಾಲಿ.

"ನೀವ್ಯಾಕ ಹೋಗ್ತೀರಿ? ಅವನ್ನ ಇಲ್ಲಿಗಿ ಕರೀರಿ. ಎರಡು ವರ್ಷ ಆತು, ಕೆಳಗ ನಿಂತ ಮಾತಾಡಿ ಹೋಗ್ತಾನ. ಒಮ್ಮೀನೂ ಮ್ಯಾಲ ಬಂದಿಲ್ಲ."

ರಾಜಾರಾಮ ಮನಸ್ಸಿಲ್ಲದೆ ಫೋನ್ ಹಚ್ಚಿ ಸ್ಪೀಕರ್ ಹಾಕಿದ.

"ಬರ್ತೇನ್ರಿ, ಬರಲಾರ್ದ ಏನು," ಎಂದ ಅಮರಪ್ಪ. "ಆದ್ರ ತೋಟದಾಗ ಚಾಟ್ನಿ ಸುರು ಆಗೇತಿ. ಬಳ್ಳಿ ಕತ್ತರಸೂ ಮಂದಿನ್ನ ಬಿಟ್ಟು ಹೊಂಡಾಕ ಬರೂದಿಲ್ಲ. ದೀಪಾವಳಿ ಆಗ್ಲಿ."

"ದೀಪಾವಳಿ ಆದ ಮ್ಯಾಲ ಯಾವ ವಾರ್ರಿ?" ಎಂದು ಆಮ್ರಪಾಲಿ ಕೇಳಿದಳು.

"ತಿಳಸ್ತೇನ್ರಿ ತಂಗಿ." ಫೋನ್ ಕಟ್ಟಾಯಿತು.

ಅವಳು ಅತ್ತೆಯ ಕಡೆ ತಿರುಗಿದಳು. ಮಂಚ ಖಾಲಿಯಿತ್ತು. ಎದುರು ಮನೆಯ ರಾಜಬಿ ಕಟ್ಟೆಯಿಂದ ಯಾರನ್ನೋ ಮಾತಾಡಿಸುತ್ತಿದ್ದುದು ಕೇಳಿಸಿತು. ಇಬ್ಬರೂ ಬಾಗಿಲಿಗೆ ಓಡಿದರು. ಸೀತವ್ವ ಗೋಡೆ ಹಿಡಿದು ಆಗಲೇ ಏಳನೆಯ ಪಾವಟಿಗೆಗೆ ಇಳಿದಿದ್ದಳು.

"ಯಾರೂ ಬರಬ್ಯಾಡ್ರಿ," ಎಂದಳು ತಿರುಗಿ ನೋಡದೆ. "ರಾಜಬಿ ಕಡೆ ಕುಂತು ಬರ್ತೀನಿ."