ಕೊನೆಯ ಪ್ಯಾರಾದ ಇಲಿಗಳು

“ಒಂಬತ್ತಕ್ಕೂ ಮೂರಕ್ಕೂ ಎಲ್ಲಿಂದೆಲ್ಲಿಗೆ ಮೇಡಂ?” ಎಂದು ಮೇಷ್ಟ್ರು ಕನ್ನಡಕವನ್ನು ಹಣೆಗೇರಿಸಿ ಎರಡು ಹಾಳೆಗಳನ್ನೂ ಅಕ್ಕಪಕ್ಕ ಇಟ್ಟರು. ಇನ್ನೂರ ಹದಿನಾಲ್ಕನೆಯ ವರದಿ. ಅದಕ್ಕೆ ಅವರು ಕೊಟ್ಟದ್ದು ಹತ್ತಕ್ಕೆ ಒಂಬತ್ತು, ಅವಳು ಕೊಟ್ಟದ್ದು ಮೂರು. ಅವಳು ಪೆನ್ನಿನ ಮುಚ್ಚಳವನ್ನು ತೆಗೆಯುತ್ತ ಹಾಕುತ್ತ ಕೂತಳು.

ಅವರಿಬ್ಬರ ಕೆಲಸವೇ ಅದು. ವಿಶ್ವವಿದ್ಯಾಲಯದ ಆ ಚಿಕ್ಕ ಕೋಣೆಯಲ್ಲಿ ಕೂತು, ಜೀವವಿಜ್ಞಾನದ ಬಗ್ಗೆ ಪತ್ರಿಕೆಗಳು ಬರೆದದ್ದು ಎಷ್ಟರಮಟ್ಟಿಗೆ ಸರಿ ಎಂದು ತೂಗಿ ನೋಡುವುದು. ಒಂದು ಕಡೆ ವಿಜ್ಞಾನಿಗಳ ಮೂಲ ಪ್ರಬಂಧ, ಇನ್ನೊಂದು ಕಡೆ ವರದಿ, ನಡುವೆ ಹತ್ತು ಪ್ರಶ್ನೆಗಳ ಹಾಳೆ. ಪತ್ರಿಕೆಯ ಹೆಸರು, ಬರೆದವರ ಹೆಸರು ಕಾಣದಂತೆ ಕಪ್ಪು ಬಳಿದಿರುತ್ತಿತ್ತು. ಇಬ್ಬರೂ ಬೇರೆ ಬೇರೆಯಾಗಿ ಅಂಕ ಕೊಡಬೇಕು; ಎರಡಕ್ಕಿಂತ ಹೆಚ್ಚು ಅಂತರ ಬಂದರೆ ಎದುರುಬದುರು ಕೂತು ಒಂದು ತೀರ್ಮಾನಕ್ಕೆ ಬರಬೇಕು. ಮೇಷ್ಟ್ರು ಮೂವತ್ತು ವರ್ಷ ಪ್ರಾಣಿಶಾಸ್ತ್ರ ಪಾಠ ಹೇಳಿ ನಿವೃತ್ತರಾದವರು, ಅಂಕ ಕೊಡುವುದರಲ್ಲಿ ಮಹಾ ಜಿಪುಣರು. ಅವಳು ಹದಿನಾಲ್ಕು ವರ್ಷ ಪತ್ರಿಕೆಯೊಂದರಲ್ಲಿ ವಿಜ್ಞಾನ ವರದಿಗಾರ್ತಿಯಾಗಿದ್ದವಳು. ಪತ್ರಿಕೆಯವರ ಕೈಚಳಕ ಬಲ್ಲವರೊಬ್ಬರು ಇರಲಿ ಎಂದೇ ಅವಳನ್ನು ಕರೆದಿದ್ದರು.

ಸೇರಿದ ದಿನ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದರು. ತಾನೇ ಬರೆದ ವರದಿ ಕೈಗೆ ಬಂದರೆ ಅಂಕ ಕೊಡದೆ ಹಿಂದಿರುಗಿಸುತ್ತೇನೆ ಎಂದು ಅದರಲ್ಲಿತ್ತು. ಇನ್ನೂರ ಹದಿನಾಲ್ಕನ್ನು ಎತ್ತಿಕೊಂಡಾಗ ಮೊದಲ ಸಾಲಿಗೇ ಅದು ಯಾರದೆಂದು ಅವಳಿಗೆ ತಿಳಿದುಹೋಗಿತ್ತು. ‘ಒಮ್ಮೆ ಸತ್ತ ಕಣ್ಣಿನ ನರ ಮತ್ತೆ ಚಿಗುರದು ಎಂಬ ಮಾತು ಇನ್ನು ಹಳೆಯದಾಗಲಿದೆ.’ ಎಷ್ಟು ಕಪ್ಪು ಬಳಿದರೇನು, ತನ್ನ ವಾಕ್ಯ ತನಗೆ ಗೊತ್ತಾಗದೇ? ಆರು ವರ್ಷದ ಹಿಂದೆ ಅದನ್ನು ಬರೆದು ಬೀಗಿದ್ದಳು. ಆಗಲೇ ಹಿಂದಿರುಗಿಸಬೇಕಿತ್ತು, ಹಿಂದಿರುಗಿಸಲಿಲ್ಲ. ತನಗೆ ತಾನೇ ಶಿಕ್ಷೆ ಕೊಟ್ಟುಕೊಳ್ಳುವ ಆಸೆಯಾಗಿ, ಹಲ್ಲು ಕಚ್ಚಿ ಮೂರು ಎಂದು ಬರೆದಿದ್ದಳು. ಅದೂ ಒಂದು ಮೋಸವೇ ಎಂಬುದು ಈಗ ಮೇಷ್ಟ್ರ ಮುಂದೆ ಕೂತಾಗ ಅರಿವಾಗುತ್ತಿತ್ತು.

ಮೇಷ್ಟ್ರು ಒಂದೊಂದೇ ಪ್ರಶ್ನೆ ಓದತೊಡಗಿದರು. ಅಂಕಿಸಂಖ್ಯೆ ಸರಿ ಇದೆಯೇ, ಇದೆ. ಬೇರೊಬ್ಬ ವಿಜ್ಞಾನಿಯ ಅಭಿಪ್ರಾಯ ಕೇಳಿದ್ದಾರೆಯೇ, ಕೇಳಿದ್ದಾರೆ. ಪ್ರಯೋಗ ಯಾವ ಪ್ರಾಣಿಯ ಮೇಲೆ ನಡೆಯಿತೆಂದು ಹೇಳಿದ್ದಾರೆಯೇ? ಅವರು ಕೊನೆಯ ಪ್ಯಾರಾದ ಮೇಲೆ ಬೆರಳಿಟ್ಟರು. ಪ್ರಯೋಗ ನಡೆದದ್ದು ಇಲಿಗಳ ಮೇಲೆ, ಮನುಷ್ಯರಿಗೆ ಬರುವುದು ಇನ್ನೂ ಬಹಳ ದೂರ, ಈಗ ಹಾಕಿಕೊಳ್ಳುತ್ತಿರುವ ಔಷಧಿಯನ್ನು ಯಾರೂ ನಿಲ್ಲಿಸಬಾರದು ಎಂದೆಲ್ಲ ಅಲ್ಲಿತ್ತು.

“ಇಷ್ಟು ಅಚ್ಚುಕಟ್ಟಾಗಿ ಬರೆದೋರು ಈ ಐನೂರು ವರದಿಗಳಲ್ಲಿ ಹತ್ತು ಜನ ಇಲ್ಲ. ಹೊಸದಾಗಿ ಪತ್ರಿಕೆಗೆ ಸೇರೋರಿಗೆ ಮಾದರಿ ಅಂತ ಪುಸ್ತಕ ಮಾಡ್ತಿದ್ದಾರಲ್ಲ, ಅದಕ್ಕೆ ಇದನ್ನೇ ಹೇಳೋಣ ಅಂತಿದ್ದೆ. ನೀವು ನೋಡಿದ್ರೆ ಮೂರು ಕೊಟ್ಟು ಕೂತಿದ್ದೀರಿ. ಎಲ್ಲಿ ತಪ್ಪಿದೆ ಹೇಳಿ, ಒಪ್ಕೋತೀನಿ.”

ಹಾಳೆಯ ಪ್ರಕಾರ ತಪ್ಪು ಎಲ್ಲಿಯೂ ಇರಲಿಲ್ಲ. ಇಲಿ ಎಂದು ಹೇಳಿದೆಯೇ ಎಂದು ಹಾಳೆ ಕೇಳುತ್ತಿತ್ತು, ಎಲ್ಲಿ ಹೇಳಿದೆ ಎಂದು ಕೇಳುತ್ತಿರಲಿಲ್ಲ. ಮೇಲಾಗಿ ಇವರ ಕೈಯಲ್ಲಿದ್ದದ್ದು ಪತ್ರಿಕೆಯ ವೆಬ್‌ಸೈಟಿನಿಂದ ತೆಗೆದ ಪ್ರತಿ. ಅಲ್ಲಿ ಜಾಗಕ್ಕೆ ಬರವಿಲ್ಲ. ಅಚ್ಚಿನ ಪುಟದಲ್ಲಿ ಹಾಗಲ್ಲ. ಜಾಹೀರಾತು ಬಂತೆಂದರೆ ಡೆಸ್ಕಿನಲ್ಲಿ ಪುಟ ಕಟ್ಟುವವರು ವರದಿಯನ್ನು ಬುಡದಿಂದ ಕತ್ತರಿಸುತ್ತಾರೆ. ಪತ್ರಿಕೆಗೆ ಸೇರಿದ ಮೊದಲ ವಾರದಲ್ಲೇ ಎಲ್ಲರೂ ಕಲಿಯುವ ಪಾಠ ಅದು: ಹೋದರೆ ಹೋಗಲಿ ಎನ್ನುವಂಥದ್ದನ್ನು ಮಾತ್ರ ಕೊನೆಗಿಡಬೇಕು. ಅವಳು ಇಲಿಗಳನ್ನು ಕೊನೆಗಿಟ್ಟಿದ್ದಳು. ಮೇಲಿಟ್ಟಿದ್ದರೆ ಸುದ್ದಿ ಸಪ್ಪೆಯಾಗಿ ಒಳಪುಟದ ಮೂಲೆಗೆ ಹೋಗುತ್ತಿತ್ತು. ಇದು ಮುಖಪುಟಕ್ಕೆ ಹೋಯಿತು, ಕೊನೆಯ ಪ್ಯಾರಾ ಕಸದ ಬುಟ್ಟಿಗೆ ಹೋಯಿತು. ಮರುದಿನ ಬೆಳಿಗ್ಗೆ ಪತ್ರಿಕೆ ಬಿಡಿಸಿದಾಗ ಅವಳಿಗೆ ಬೇಸರವೇನೂ ಆಗಿರಲಿಲ್ಲ.

“ನಾಳೆ ಹೇಳ್ತೀನಿ ಮೇಷ್ಟ್ರೇ,” ಎಂದು ಬ್ಯಾಗು ತೆಗೆದುಕೊಂಡು ಎದ್ದಳು. ಮೇಷ್ಟ್ರು ಎರಡೂ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಪಕ್ಕಕ್ಕೆ ಸರಿಸಿದರು.

ಬಸ್ಸು ಹತ್ತಿ ನೇರ ಅಕ್ಕನ ಮನೆಗೆ ಹೋದಳು. ಅಕ್ಕ ಅವಳಿಗಿಂತ ಹತ್ತು ವರ್ಷ ದೊಡ್ಡವಳು, ಬಟ್ಟೆ ಹೊಲಿದು ಬದುಕಿದವಳು. ಕಣ್ಣಿನೊಳಗೆ ಒತ್ತಡ ಹೆಚ್ಚಿ ನರ ಸಾಯುವ ಕಾಯಿಲೆ ಅವಳಿಗೆ. ಬೆಳಿಗ್ಗೆ ಸಂಜೆ ತಪ್ಪದೆ ಹನಿ ಹಾಕಿಕೊಳ್ಳಬೇಕಿತ್ತು. ಹಾಕಿದರೆ ಕಣ್ಣು ಉರಿದು ಸೂಜಿಗೆ ದಾರ ಪೋಣಿಸಲಾಗದೆ ಒದ್ದಾಡುತ್ತಿದ್ದಳು. ವರದಿ ಬಂದ ದಿನ ಮುಖಪುಟ ಓದಿ ತಂಗಿಗೆ ಫೋನ್ ಮಾಡಿ, ನರ ಮತ್ತೆ ಬೆಳೆಯುತ್ತಂತಲ್ಲ, ನಿಜವಾ ಎಂದು ಕೇಳಿದ್ದಳು. ಇವಳ ಸುತ್ತ ಕೈಕುಲುಕುವವರ ಗುಂಪು. ನಾನೇ ಬರೆದದ್ದಲ್ಲವಾ, ನಿಜಾನೇ ಎಂದು ಫೋನ್ ಇಟ್ಟಿದ್ದಳು.

ಅಕ್ಕ ಔಷಧಿಯನ್ನು ಪೂರ್ತಿ ಬಿಡಲಿಲ್ಲ. ಸ್ವಲ್ಪ ಸಡಿಲಬಿಟ್ಟಳು, ಅಷ್ಟೇ. ಹೇಗೂ ನರ ಚಿಗುರುತ್ತದೆ, ಒಂದು ದಿನ ತಪ್ಪಿದರೆ ಏನಂತೆ ಎಂದುಕೊಂಡಳು. ಒಂದು ದಿನ ವಾರವಾಯಿತು, ವಾರ ತಿಂಗಳಾಯಿತು. ಒಂದೂವರೆ ವರ್ಷದ ಮೇಲೆ ಆಸ್ಪತ್ರೆಗೆ ಹೋದಾಗ ಎಡಗಣ್ಣು ಪೂರ್ತಿ ಹೋಗಿತ್ತು, ಬಲಗಣ್ಣಿಗೆ ಕೊಳವೆಯೊಳಗಿಂದ ನೋಡಿದಷ್ಟೇ ಕಾಣುತ್ತಿತ್ತು. ಡಾಕ್ಟರು ಗದರಿದಾಗ ಅಕ್ಕ, ಪತ್ರಿಕೆಯಲ್ಲಿ ಬಂದಿತ್ತು ಎಂದಳು. ಬರೆದವರು ಯಾರೆಂದು ಹೇಳಲಿಲ್ಲ. ಬರೆದವಳು ಪಕ್ಕದ ಕುರ್ಚಿಯಲ್ಲೇ ಕೂತಿದ್ದಳು, ಅವಳೂ ಹೇಳಲಿಲ್ಲ. ಮುಂದಿನ ತಿಂಗಳು ಪತ್ರಿಕೆಯ ಕೆಲಸ ಬಿಟ್ಟಳು. ಬೆನ್ನುನೋವು ಎಂದು ಎಲ್ಲರಿಗೂ ಸುಳ್ಳು ಹೇಳಿದ್ದಳು.

ಇವತ್ತು ಇವಳು ಹೋದಾಗ ಅಕ್ಕ ಕಿಟಕಿಯ ಬಳಿ ಕೂತು ಬೆರಳ ತುದಿಯಲ್ಲೇ ಗುಂಡಿ ಹೊಲಿಯುತ್ತಿದ್ದಳು. ಆ ದಿನದ ಪತ್ರಿಕೆ ಇದೆಯಾ ಎಂದು ತಂಗಿ ಕೇಳಿದಾಗ, ಇಲ್ಲದೆ ಎಲ್ಲಿಗೆ ಹೋಗುತ್ತೆ ಎಂದು ನಕ್ಕು, ಗಿರಾಕಿಗಳ ಅಳತೆ ಬರೆದಿಡುವ ಹಳೆಯ ಪುಸ್ತಕವನ್ನು ತಡಕಿ ತೆಗೆದಳು. ತಂಗಿಯ ಹೆಸರು ಮುಖಪುಟದಲ್ಲಿ ಬಂದದ್ದು ಅದೊಂದೇ ಸಲವಂತೆ. ಹಾಳೆಗಳ ನಡುವೆ ಮಡಿಸಿಟ್ಟ ತುಣುಕು ಹಳದಿಯಾಗಿತ್ತು.

“ಓದು, ನಿನ್ನ ಬಾಯಲ್ಲೇ ಕೇಳೋಣ.”

ಅವಳು ಓದಿದಳು. ‘ಕತ್ತಲೆಯಲ್ಲಿರುವ ಲಕ್ಷಾಂತರ ಮಂದಿಗೆ ಇದು ಬೆಳಕಿನ ಸುದ್ದಿ’ ಎಂಬಲ್ಲಿಗೆ ಅಚ್ಚು ಮುಗಿದಿತ್ತು. ಅದರ ಕೆಳಗೆ ಜಾಹೀರಾತಿನ ಕೆಂಪು ಗೆರೆ ಕಾಣುತ್ತಿತ್ತು. ಅವಳು ನಿಲ್ಲಿಸದೆ ನೆನಪಿನಿಂದಲೇ ಮುಂದುವರಿಸಿದಳು. ಇಲಿಗಳು, ಬಹಳ ದೂರದ ಮಾತು, ಔಷಧಿ ನಿಲ್ಲಿಸಬಾರದು.

ಅಕ್ಕನ ಸೂಜಿ ನಿಂತಿತು. “ಅದೆಲ್ಲಿದೆ? ನಂಗೆ ಇದು ಬಾಯಿಪಾಠ, ಪುಟ್ಟಿ. ಆ ಮಾತು ಇದ್ದಿದ್ರೆ...” ಎಂದು ಅರ್ಧಕ್ಕೆ ನಿಲ್ಲಿಸಿ, ತಾನೇ ಹೇಳಿದಳು. “ನಾನೇ ಕತ್ತರಿಸುವಾಗ ಬಿಟ್ಟೆನೇನೋ. ಆಗಲೇ ಕಣ್ಣು ಮಂಜಾಗಿತ್ತು.”

ಸುಮ್ಮನಿದ್ದರೆ ಸಾಕಿತ್ತು. ತಪ್ಪು ಅಕ್ಕನ ಕತ್ತರಿಯದಾಗುತ್ತಿತ್ತು, ನಾಳೆ ಮೇಷ್ಟ್ರಿಗೆ ಒಂಬತ್ತೇ ಇರಲಿ ಎಂದುಬಿಟ್ಟರೆ ಎಲ್ಲ ಮುಗಿಯುತ್ತಿತ್ತು.

“ನೀನಲ್ಲ ಅಕ್ಕಾ. ಪತ್ರಿಕೇಲೇ ಕತ್ತರಿಸಿದ್ರು. ಕತ್ತರಿಸ್ತಾರೆ ಅಂತ ಗೊತ್ತಿದ್ದೇ ಅದನ್ನ ಕೊನೆಗೆ ಇಟ್ಟಿದ್ದೆ.”

ಅಕ್ಕ ತುಣುಕನ್ನು ತೆಗೆದುಕೊಂಡು ಕತ್ತರಿಸಿದ ಅಂಚಿನ ಉದ್ದಕ್ಕೂ ಬೆರಳು ಎಳೆದಳು. ಮತ್ತೊಮ್ಮೆ ಎಳೆದಳು.

“ಫೋನ್ ಮಾಡಿ ಕೇಳಿದ್ನಲ್ಲೇ ನಾನು.”

“ಹೂಂ. ಕೇಳಿದ್ದೆ.”

ಅವಳು ತಲೆ ತಗ್ಗಿಸಿಕೊಂಡೇ, ಇದನ್ನು ಮಾದರಿ ಎಂದು ಪುಸ್ತಕಕ್ಕೆ ಹಾಕುವುದರಲ್ಲಿದ್ದಾರೆ ಎಂದೂ, ಸಹಿ ಹಾಕಿಯೂ ಸುಮ್ಮನಿದ್ದೆ ಎಂದೂ ಹೇಳಿದಳು. ಅಕ್ಕ ತುಣುಕನ್ನು ಹಳೆಯ ಮಡಿಕೆಯಲ್ಲೇ ಮಡಿಸಿ ಚಾಚಿದಳು.

“ತಗೊಂಡು ಹೋಗು. ಆ ಮೇಷ್ಟ್ರಿಗೆ ತೋರಿಸು.”

ಗಡಿಯಾರ ಆರು ಹೊಡೆಯಿತು. ಅಕ್ಕನ ಕೈ ಕಿಟಕಿಯ ಕಟ್ಟೆಯ ಮೇಲೆ ಔಷಧಿಯ ಬಾಟಲಿಗಾಗಿ ತಡಕಾಡಿತು. ತಂಗಿ ಎದ್ದು ಅದನ್ನು ಎತ್ತಿಕೊಂಡಳು, ಮುಚ್ಚಳ ತೆಗೆದು ಹತ್ತಿರ ಹೋದಳು. ಪ್ರತಿ ಸಲ ಬಂದಾಗಲೂ ಹನಿ ಹಾಕುವವಳು ಅವಳೇ. ಇವತ್ತು ಅಕ್ಕ ಅಂಗೈ ಚಾಚಿ, “ಕೊಡು,” ಎಂದಳು.

ಅವಳು ಕೊಟ್ಟು, ತುಣುಕನ್ನು ಹಿಡಿದುಕೊಂಡು ಕೂತಳು. ಅಕ್ಕ ತಲೆಯನ್ನು ಹಿಂದಕ್ಕೆ ವಾಲಿಸಿ, ಒಂದು ಬೆರಳಿನಿಂದ ರೆಪ್ಪೆ ಎಳೆದು ಹಿಡಿದು ಬಾಟಲಿ ಒತ್ತಿದಳು. ಮೊದಲ ಹನಿ ಗುರಿ ತಪ್ಪಿ ಕೆನ್ನೆಯ ಮೇಲೆ ಇಳಿಯಿತು. ಅದನ್ನು ಒರೆಸಿಕೊಳ್ಳದೆ ಅಕ್ಕ ಮತ್ತೆ ಬಾಟಲಿಯನ್ನು ಬಾಗಿಸಿದಳು.